ಕರಿಬಸಮ್ಮನ ವಸ್ತಿ ಕಾನೂನು

ಕಲ್ಲುಕಟ್ಟೆ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಇಳಿದು, ಹೊನ್ನಾಳಿ ಬಸ್ಸು ಹೋಗಿಬಿಟ್ಟಿದೆ, ಇನ್ನು ಬೆಳಗಿನವರೆಗೆ ದಾರಿಯಿಲ್ಲ ಎಂದು ತಿಳಿದು ತಲೆ ಕೆರೆದುಕೊಳ್ಳುತ್ತ ನಿಂತವರಿಗೆಲ್ಲ ಊರು ಹೇಳುತ್ತಿದ್ದುದು ಒಂದೇ ಮಾತು: ಹಿಂದಿನ ಓಣಿಗೆ ಹೋಗಿ, ಕರಿಬಸಮ್ಮನ ಮನೆಯಲ್ಲಿ ವಸ್ತಿ ಕೇಳಿ. ಕೆರೆಬಿಳಚಿಯ ಅಡಿಕೆ ವ್ಯಾಪಾರಿ ಇರಲಿ, ನ್ಯಾಮತಿಯಿಂದ ಕಾಗದಪತ್ರದ ಕೆಲಸಕ್ಕೆ ಬಂದ ರೈತ ಇರಲಿ, ಜಗಳೂರು ಕಡೆಯ ತಾಂಡಾದಿಂದ ಸೂರಗೊಂಡನಕೊಪ್ಪಕ್ಕೆ ಹರಕೆ ಹೊತ್ತು ಹೊರಟ ಮುದುಕಿ ಇರಲಿ, ಆ ಬಾಗಿಲು ಎಲ್ಲರಿಗೂ ತೆರೆಯುತ್ತಿತ್ತು.

ವಸ್ತಿ ಎಂದರೆ ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ರಾತ್ರಿ ತಂಗುವುದು, ಬೆಳಗಾದರೆ ಎದ್ದು ಹೋಗುವುದು. ರಾತ್ರಿ ಊರಲ್ಲೇ ನಿಲ್ಲುವ ಬಸ್ಸಿಗೂ ವಸ್ತಿ ಬಸ್ಸು ಅಂತಲೇ ಹೆಸರು. ಕರಿಬಸಮ್ಮನ ಗಂಡ ಪಂಚಾಕ್ಷರಪ್ಪ ಅಂಥದೊಂದು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ. ಅರವತ್ತೊಂದನೇ ಇಸವಿಯಲ್ಲಿ ಒಂದು ದಿನ ಬಸ್ಸಿನ ಆಕ್ಸೆಲ್ ಮುರಿದಾಗ, ಒಳಗಿದ್ದ ಹದಿನೆಂಟು ಮಂದಿಯನ್ನೂ ಸೀದಾ ಮನೆಗೆ ಕರೆತಂದು ನಿಲ್ಲಿಸಿದ. ಹೆಂಡತಿ ಬೈದಳು, ಬೈಯುತ್ತಲೇ ರೊಟ್ಟಿ ಬಡಿದಳು. ಮನೆ ವಸ್ತಿ ಮನೆಯಾದದ್ದು ಹಾಗೆ. ಅವನು ತೀರಿಕೊಂಡ ಮೇಲೆ ಅವಳು ಮೂರು ಕೋಣೆ, ಒಂದು ಜಗಲಿ, ಹಿತ್ತಲ ಒಂದು ಬಚ್ಚಲು, ಒಂದು ಕಕ್ಕಸು ಇಟ್ಟುಕೊಂಡು ಅದನ್ನೇ ಬದುಕು ಮಾಡಿಕೊಂಡಳು. ಬಾಡಿಗೆ ಹಾಸಿಗೆಗೆ ಮಾತ್ರ. ಅನ್ನ ಮಾರುವುದು ತಮ್ಮ ಮನೆತನದಲ್ಲಿಲ್ಲ ಎಂದು, ರಾತ್ರಿ ಮನೆಯಲ್ಲಿ ಏನಿತ್ತೋ ಅದನ್ನು ಬಂದವರ ಎಲೆಗೂ ಬಡಿಸುತ್ತಿದ್ದಳು.

ನಾಲ್ಕನೇ ಇಯತ್ತೆ ಓದಿದ ಹೆಂಗಸು, ಆದರೆ ಬಾಯಿ ಮಾತ್ರ ವಕೀಲರದು. ಕಾಲಿಗೆ ನೀರು ಕೊಡುವ ಮೊದಲೇ ಅವಳ ಕಾನೂನು ಶುರುವಾಗುತ್ತಿತ್ತು. ಹೆಸರು ಹೇಳಬೇಕು, ಊರು ಹೇಳಬೇಕು, ಯಾವಾಗ ಹೋಗುವುದು ಹೇಳಬೇಕು. ಜಾತಿ ಅವಳು ಕೇಳುವುದಿಲ್ಲ, ಬಂದವರು ಹೇಳಬಾರದು. ಕುಡಿದವರಿಗೆ ಬಾಗಿಲಿಲ್ಲ. ಒಳಗೆ ಹೆಂಗಸರಿದ್ದ ದಿನ ಗಂಡಸರ ಹಾಸಿಗೆ ಜಗಲಿಗೆ. ಇಷ್ಟನ್ನೂ ಪ್ರತಿಯೊಬ್ಬರಿಗೂ ಪ್ರತಿ ಸಲವೂ ಹೇಳುತ್ತಿದ್ದಳು. ಹತ್ತು ವರ್ಷದಿಂದ ಬರುತ್ತಿದ್ದ ವ್ಯಾಪಾರಿಗಳು ಬಾಗಿಲಲ್ಲಿ ನಿಂತು ಅವಳಿಗಿಂತ ಮೊದಲೇ ಒಪ್ಪಿಸಿಬಿಡುತ್ತಿದ್ದರು. ಆದರೂ ಅವಳು ತನ್ನ ಪಾಲಿನದನ್ನು ಹೇಳದೆ ಬಿಡುತ್ತಿರಲಿಲ್ಲ.

ಆದರೆ ಅವಳ ನಿಜವಾದ ಹೆಮ್ಮೆ ಪರೀಕ್ಷೆಯ ಕಾಲದ್ದು. ಸುತ್ತಲ ಹಳ್ಳಿಗಳ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದದ್ದು ಕಲ್ಲುಕಟ್ಟೆಯಲ್ಲಿ. ಗಂಡುಹುಡುಗರು ಮಠದಲ್ಲೋ ಮರದ ಕೆಳಗೋ ಮಲಗಿಯಾರು, ಹೆಣ್ಣುಮಕ್ಕಳು ಎಲ್ಲಿ ಮಲಗಬೇಕು? ಹಳ್ಳಿ ಶಾಲೆಯ ಸರ್ವಮಂಗಳಮ್ಮ ಎಂಬ ಮೇಡಂ ಆರು ವರ್ಷದ ಹಿಂದೆ ಇಬ್ಬರು ಹುಡುಗಿಯರನ್ನು ಕರಿಬಸಮ್ಮನಲ್ಲಿ ತಂದುಬಿಟ್ಟಿದ್ದರು. ಹೋದ ವರ್ಷ ಹನ್ನೊಂದು ಮಂದಿ ಬಂದಿದ್ದರು. ಪರೀಕ್ಷೆಯ ಹನ್ನೆರಡು ದಿನ ಕರಿಬಸಮ್ಮ ಬೇರೆ ಯಾರಿಗೂ ವಸ್ತಿ ಕೊಡುತ್ತಿರಲಿಲ್ಲ. ತಾನೇ ಬಾಗಿಲಿಗಡ್ಡ ಮಲಗಿ, ತಾನೇ ಪರೀಕ್ಷೆ ಕಟ್ಟಿದವಳ ಹಾಗೆ ಕೋಳಿ ಕೂಗುವ ಮುಂಚೆ ಏಳುತ್ತಿದ್ದಳು. ಆ ಹುಡುಗಿಯರಲ್ಲಿ ಒಬ್ಬಳು ಈಗ ನರ್ಸು, ಇನ್ನೊಬ್ಬಳು ಟೀಚರು. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಎಪ್ಪತ್ತೆಂಟರಲ್ಲಿ ಪುರಸಭೆ ಸದಸ್ಯ ನಾಗೇಂದ್ರಪ್ಪ ಬಸ್ ಸ್ಟ್ಯಾಂಡಿನ ಎದುರಿಗೆ ಎಂಟು ಕೋಣೆಯ ಲಾಡ್ಜು ಕಟ್ಟಿಸಿದ. ಕೋಣೆಗೊಂದು ಕಕ್ಕಸು, ಕೋಣೆಗೊಂದು ನಲ್ಲಿ, ಬಾಗಿಲಿಗೆ ನಂಬರು. ಊರೆಲ್ಲ ನೋಡಿ ಬಂತು, ಮಲಗಲಿಕ್ಕೆ ಯಾರೂ ಬರಲಿಲ್ಲ. ಸಂಜೆ ಬಸ್ಸಿಳಿದವರು ಲಾಡ್ಜಿನ ಬೋರ್ಡನ್ನು ಓದಿ, ಅದರ ಪಕ್ಕದಲ್ಲೇ ಹಾದು ಹಿಂದಿನ ಓಣಿಗೆ ಹೋಗುತ್ತಿದ್ದರು. ನಾಗೇಂದ್ರಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಅವನು ಕೆಟ್ಟವನೇನಲ್ಲ, ಆದರೆ ಖಾಲಿ ಬಿದ್ದ ಎಂಟು ಕೋಣೆ ಒಳ್ಳೆಯವರ ಬಾಯಲ್ಲೂ ಹೊಲಸು ಮಾತು ಆಡಿಸುತ್ತದೆ. ಪುರಸಭೆ ಸಭೆಯಲ್ಲಿ ಎದ್ದು ನಿಂತು, ಊರಿನಲ್ಲಿ ಲೈಸೆನ್ಸು ಇಲ್ಲದ ಮನೆಯೊಂದಿದೆ, ಗಂಡನಿಲ್ಲದ ಹೆಂಗಸು ದಾರಿಹೋಕರಿಗೆ ರಾತ್ರಿ ಬಾಗಿಲು ತೆಗೆಯುತ್ತಾಳೆ, ಅಂಥ ಮನೆಗೆ ಏನೆಂದು ಕರೆಯಬೇಕೋ ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದ. ಹೇಳಬೇಕಾದ್ದನ್ನೆಲ್ಲ ಹೇಳಿ ಆಮೇಲೆ ನಾಚಿಕೊಂಡ.

ಆ ಮಾತು ಹಳ್ಳಿಗಳಿಗೆ ಹೋಗಲು ಬಸ್ಸೇನೂ ಬೇಕಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಸರ್ವಮಂಗಳಮ್ಮ ಮೇಡಂ ಬಂದು ಜಗಲಿಯ ಮೇಲೆ ಕೂತರು. ಕೊಟ್ಟ ಕಾಫಿ ಕುಡಿಯಲಿಲ್ಲ. ಹುಡುಗಿಯರ ಅಪ್ಪಂದಿರು ಕೂಡಿ ಮಾತಾಡಿದ್ದಾರಂತೆ. ಈ ಸಲ ಹದಿನಾಲ್ಕು ಹುಡುಗಿಯರಿದ್ದಾರೆ. ಹೆಸರಿಲ್ಲದ ಮನೆಗೆ ಕಳಿಸುವುದಿಲ್ಲ, ಲಾಡ್ಜಿಗಂತೂ ಮೊದಲೇ ಕಳಿಸುವುದಿಲ್ಲ, ಪರೀಕ್ಷೆ ಇಲ್ಲದಿದ್ದರೆ ಮದುವೆ ಮಾಡಿದರಾಯಿತು ಅಂದಿದ್ದಾರಂತೆ.

ಮೇಡಂ ಕೊನೆಗೆ ಹೇಳಿದರು: "ನನಗೆ ನಿಮ್ಮ ಮನೆ ಗೊತ್ತೈತೆ. ಅವರಿಗೆ ಒಂದು ಕಾಗದ ತೋರ್ಸಬೇಕು. ಪುರಸಭೆ ಸೀಲಿರೋ ಒಂದು ಕಾಗದ ತರಾಕೆ ಆಗ್ತದಾ ನೋಡ್ರಿ."

ಕರಿಬಸಮ್ಮ ಹದಿನೇಳು ವರ್ಷದಲ್ಲಿ ಯಾರ ಮುಂದೆಯೂ ಕಣ್ಣೀರು ಹಾಕಿದವಳಲ್ಲ. ಅವತ್ತು ಹಿತ್ತಲಿಗೆ ಹೋಗಿ, ಒಗೆದ ದುಪ್ಪಟಿಗಳನ್ನೇ ಮತ್ತೆ ನೀರಿಗೆ ಹಾಕಿ ಒಗೆದಳು. ತನ್ನ ಹೆಸರು ಹೋದದ್ದಕ್ಕೆ ಸಿಟ್ಟು ಬಂತು. ಹದಿನಾಲ್ಕು ಹುಡುಗಿಯರ ಓದು ತನ್ನ ಬಾಗಿಲ ಮುಂದೆ ಬಂದು ನಿಂತುಬಿಟ್ಟಿತಲ್ಲ ಎಂಬುದಕ್ಕೆ ಸಂಕಟವಾಯಿತು. ಕಾಗದ ತರಲೇಬೇಕು ಎಂದು ಅಲ್ಲಿಯೇ ತೀರ್ಮಾನಿಸಿದಳು.

ಅಷ್ಟರಲ್ಲಿ ಪುರಸಭೆಯಲ್ಲಿ ಕಾನೂನು ತಯಾರಾಗುತ್ತಿತ್ತು. ಬರೆಯುವ ಕೆಲಸ ಗುಮಾಸ್ತ ಹಾಲಸ್ವಾಮಿಯ ಪಾಲಿಗೆ ಬಂದಿತ್ತು. ಇನ್ನು ಮೇಲೆ ಕಚೇರಿಯ ಕೆಲಸವೆಲ್ಲ ಕನ್ನಡದಲ್ಲೇ ಆಗಬೇಕೆಂದು ಮೇಲಿನಿಂದ ಹೇಳಿಬಿಟ್ಟಿದ್ದರು. ಹಾಲಸ್ವಾಮಿ ಮೂರು ದಿನ ಕೂತು, ಜನ ಆಡುವ ಮಾತಿನಲ್ಲೇ ಬರೆದ. 'ಬಾಡಿಗೆಗೆ ವಸ್ತಿ ಕೊಡುವ ಪ್ರತಿಯೊಬ್ಬರೂ ಪುರಸಭೆಯಿಂದ ಪರವಾನಗಿ ಪಡೆಯತಕ್ಕದ್ದು. ಅಂಥ ಮನೆಯ ಪ್ರತಿ ಕೋಣೆಗೂ ಪ್ರತ್ಯೇಕ ಕಕ್ಕಸು, ಪ್ರತ್ಯೇಕ ನಲ್ಲಿ ಇರತಕ್ಕದ್ದು.' ಎರಡನೇ ಸಾಲು ನಾಗೇಂದ್ರಪ್ಪ ಪಕ್ಕದಲ್ಲಿ ನಿಂತು ಬರೆಸಿದ್ದು. ಅದು ಯಾರ ಮನೆಗೆ ಇಟ್ಟ ಬತ್ತಿ ಎಂದು ಹಾಲಸ್ವಾಮಿಗೆ ಗೊತ್ತಿತ್ತು. ಹೊಟ್ಟೆಪಾಡು, ಬಾಯಿ ಮುಚ್ಚಿಕೊಂಡು ಬರೆದ.

ಕಾನೂನು ಅಚ್ಚಾಗಲು ಶಿವಮೊಗ್ಗದ ಒಂದು ಪ್ರೆಸ್ಸಿಗೆ ಹೋಯಿತು. ಅಲ್ಲಿ ಅಚ್ಚಿನ ಮೊಳೆ ಜೋಡಿಸುವಾತ ಶುದ್ಧ ಕನ್ನಡದ ಅಭಿಮಾನಿ. 'ವಸ್ತಿ' ಎಂಬುದನ್ನು ನೋಡಿ, ಪಾಪ, ಹಳ್ಳಿ ಗುಮಾಸ್ತನಿಗೆ ಕಾಗುಣಿತ ಬಾರದು ಎಂದು ಮರುಗಿ, ಎಲ್ಲ ಕಡೆಯೂ 'ವಸತಿ' ಎಂದು ತಿದ್ದಿ ಕೂಡಿಸಿದ. ಅಚ್ಚಾದ ಹಾಳೆಗಳು ಬಂದವು, ಸಹಿ ಬಿತ್ತು, ಸೀಲು ಬಿತ್ತು, ಊರಿನ ಆರು ಗೋಡೆಗಳಿಗೆ ಅಂಟಿದವು. ಯಾರೂ ಓದಲಿಲ್ಲ.

ಮೊದಲು ಓದಿದವರು ಹೈಸ್ಕೂಲಿನ ಮೇಷ್ಟ್ರುಗಳು, ಏಕೆಂದರೆ ಅವರೆಲ್ಲ ಬಾಡಿಗೆ ಮನೆಗಳಲ್ಲಿದ್ದವರು. ವಸತಿ ಎಂದರೆ ವಾಸದ ಮನೆ. ಬಾಡಿಗೆಗೆ ವಸತಿ ಕೊಡುವ ಪ್ರತಿಯೊಬ್ಬರೂ ಕೋಣೆಗೊಂದು ಕಕ್ಕಸು, ಕೋಣೆಗೊಂದು ನಲ್ಲಿ ಹಾಕಿಸಿಕೊಡಬೇಕು! ಮೇಷ್ಟ್ರುಗಳು ಆ ಹಾಳೆಯನ್ನು ಅಂಟು ಸಮೇತ ಕಿತ್ತುಕೊಂಡು ತಂತಮ್ಮ ಮನೆ ಮಾಲೀಕರ ಮುಂದೆ ಹಿಡಿದರು. ಅಧ್ಯಕ್ಷ ಮುರುಗೇಶಪ್ಪನವರ ವಠಾರದಲ್ಲಿ ಆರು ಸಂಸಾರ, ಹದಿಮೂರು ಕೋಣೆ, ಒಂದು ಕಕ್ಕಸು. ಅದರ ಬಾಗಿಲೂ ಮುಚ್ಚುತ್ತಿರಲಿಲ್ಲ. ನಾಗೇಂದ್ರಪ್ಪನಿಗೂ ಬ್ಯಾಂಕಿನವರಿಗೆ ಕೊಟ್ಟ ನಾಲ್ಕು ಮನೆಗಳಿದ್ದವು. ಒಂದು ವಾರ ಕಲ್ಲುಕಟ್ಟೆಯಲ್ಲಿ ಕಕ್ಕಸಿನದೇ ಮಾತು. ಮಾಡಿದ್ದುಣ್ಣೋ ಮಹರಾಯ ಎಂದು ಜನ ನಾಗೇಂದ್ರಪ್ಪನನ್ನು ನೋಡಿ ನೋಡಿ ನಕ್ಕರು.

ಹಾಲಸ್ವಾಮಿ ಒಂದು ಸಂಜೆ ಓಡುತ್ತ ಕರಿಬಸಮ್ಮನ ಮನೆಗೆ ಬಂದ. ಅವಳು ಗೆದ್ದಳು ಎಂಬುದು ಅವನ ಸಂತೋಷ. ಕಾನೂನಿನಲ್ಲಿರುವುದು ವಸತಿ, ಅವಳು ಕೊಡುವುದು ವಸ್ತಿ; ಅವಳನ್ನು ಯಾರೂ ಮುಟ್ಟುವಂತಿಲ್ಲ. ಅದೂ ಅಲ್ಲದೆ ಬರುವ ಸೋಮವಾರ ಸಭೆ ಸೇರಿ ಇಡೀ ಕಾನೂನನ್ನೇ ರದ್ದು ಮಾಡುತ್ತಾರೆ. ಅವನು ಪೇಡ ಕಟ್ಟಿಸಿಕೊಂಡೇ ಬಂದಿದ್ದ. ಕರಿಬಸಮ್ಮ ಆ ಪೊಟ್ಟಣವನ್ನು ಬಿಚ್ಚಲಿಲ್ಲ. ಕಾನೂನು ರದ್ದಾದರೆ ಪರವಾನಗಿ ಎಲ್ಲಿಂದ ಬರಬೇಕು ಎಂದು ಕೇಳಿದಳು.

ಸೋಮವಾರ ಅವಳು ಕರೆಯದೆಯೇ ಸಭೆಗೆ ಹೋದಳು. ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಮುರುಗೇಶಪ್ಪನವರು ನೋಡಿ, ಅವಳು ಜಗಳಕ್ಕೆ ಬಂದಿದ್ದಾಳೆಂದೇ ತಿಳಿದು, ಸಮಾಧಾನದ ಮಾತಾಡಿದರು. ಇನ್ನು ಅವಳ ತಂಟೆಗೆ ಯಾರೂ ಬರುವುದಿಲ್ಲ, ಕಾನೂನು ಇವತ್ತೇ ಹೋಗುತ್ತದೆ, ಮೊದಲು ಹೇಗಿತ್ತೋ ಹಾಗೇ ನಡೆಸಿಕೊಂಡು ಹೋಗಲಿ ಎಂದರು.

"ರದ್ದು ಮಾಡಬ್ಯಾಡ್ರಿ ಅಧ್ಯಕ್ಷರೆ, ತಿದ್ರಿ" ಎಂದಳು ಕರಿಬಸಮ್ಮ. "ಕಾನೂನಿಲ್ಲದ ಮನೆ ಅಂತ ಹೆಸರಿಟ್ರಿ ನನ್ನ ಮನೆಗೆ. ಈಗ ರದ್ದು ಮಾಡಿದ್ರೆ ಕಾನೂನು ತಪ್ಪಿಸ್ಕಂಡ ಮನೆ ಅಂತಾರೆ. ಎರಡೂ ಬ್ಯಾಡ ನನಗೆ. ಸರಿಯಾಗಿ ಒಂದು ಕಾನೂನು ಮಾಡ್ರಿ, ಅದರಂಗೆ ನನ್ನ ಮನೆ ನೋಡ್ರಿ, ಸರಿ ಐತೆ ಅನ್ನಿಸಿದ್ರೆ ಕಾಗದ ಕೊಡ್ರಿ."

ತಮಗೆ ಕಾನೂನು ಬೇಕೆಂದು ಕೇಳಿಕೊಂಡು ಬಂದವರನ್ನು ಆ ಪುರಸಭೆ ಅದುವರೆಗೆ ಕಂಡಿರಲಿಲ್ಲ. ನಾಗೇಂದ್ರಪ್ಪನಿಗೆ ಇದೇ ಸಮಯವೆನಿಸಿತು. ಕಾಗದ ಬೇಕಾದರೆ ಕೋಣೆಗೊಂದು ಕಕ್ಕಸು ಕಟ್ಟಿಸಿಕೊಂಡು ಬರಲಿ ಎಂದ.

"ಎಷ್ಟು ಕಕ್ಕಸು ಅಂತ ಕೇಳಬ್ಯಾಡ್ರಿ ನಾಗೇಂದ್ರಪ್ಪಾರೆ. ಒಳಗಡೆ ಚಿಲಕ ಐತಾ, ತೊಟ್ಟಿ ತುಂಬ ನೀರು ಐತಾ ಅಂತ ಕೇಳ್ರಿ. ನಿಮ್ಮ ಲಾಡ್ಜಿನಾಗೆ ನಲ್ಲಿ ಎಂಟು, ನೀರು ಬರೋದು ಎರಡ್ರಾಗೆ. ಅಲ್ಲಿ ನೋಡ್ಕಂಡು ಬಂದೋರೇ ನನ್ನ ಜಗಲಿ ಮ್ಯಾಲೆ ಕುಂತು ಹೇಳ್ಯಾರೆ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮುರುಗೇಶಪ್ಪನವರು ನಗು ತಡೆದುಕೊಂಡು, ಸರಿಯಾದ ಕಾನೂನು ಎಂದರೆ ಯಾವುದು, ಅವಳೇ ಹೇಳಲಿ ಎಂದರು. ತಮಾಷೆಗೆ ಅಂದರೋ ನಿಜಕ್ಕೇ ಅಂದರೋ ಗೊತ್ತಿಲ್ಲ. ಕರಿಬಸಮ್ಮ ನಿಜವೆಂದೇ ಹಿಡಿದಳು. ಹದಿನೇಳು ವರ್ಷ ದಿನಾ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಅವತ್ತು ಪುರಸಭೆಯಲ್ಲಿ ನಿಂತು ಹೇಳಿದಳು. ಬಂದವರ ಹೆಸರು, ಊರು, ಹೋಗುವ ದಿನ ಒಂದು ಪುಸ್ತಕದಲ್ಲಿ ಬರೆಸಬೇಕು. ಜಾತಿಗೆ ಆ ಪುಸ್ತಕದಲ್ಲಿ ಕಾಲಂ ಇರಬಾರದು. ಕಕ್ಕಸು ಎಷ್ಟೇ ಇರಲಿ, ಒಳಗೆ ಚಿಲಕ, ತೊಟ್ಟಿ ತುಂಬ ನೀರು ಇರಬೇಕು. ಒಬ್ಬರು ಹೊದ್ದ ದುಪ್ಪಟಿ ಒಗೆಯದೆ ಇನ್ನೊಬ್ಬರಿಗೆ ಕೊಡಬಾರದು. ಕುಡಿದವರಿಗೆ ಬಾಗಿಲಿಲ್ಲ. ಹೆಂಗಸರಿದ್ದಾಗ ಗಂಡಸರು ಜಗಲಿಯಿಂದ ಒಳಗೆ ಬರುವಂತಿಲ್ಲ, ಅವರು ಯಾರೇ ಆಗಿರಲಿ. ಹಾಲಸ್ವಾಮಿ ತಲೆ ಎತ್ತದೆ ಬರೆದುಕೊಂಡ. ಅವನ ಕೈ ಅಷ್ಟು ಸಲೀಸಾಗಿ ಯಾವ ಕಾನೂನಿಗೂ ಓಡಿರಲಿಲ್ಲ.

ಕೊನೆಗೆ ಅವನೇ ಕೇಳಿದ: "ಅಮ್ಮಾ, ವಸ್ತಿ ಅಂದ್ರೆ ಎಷ್ಟು ದಿನ? ಅದನ್ನ ಬರೀದಿದ್ರೆ ಪ್ರೆಸ್ಸಿನೋರು ಮತ್ತೆ ವಸತಿ ಮಾಡಿ ಕಳಿಸ್ತಾರೆ."

"ಮೂರು ರಾತ್ರಿ. ಮೂರು ರಾತ್ರಿ ಒಳಗೆ ಎದ್ದು ಹೋದ್ರೆ ವಸ್ತಿ. ನಾಕನೇ ದಿನ ಅವನು ಗೋಡೆಗೆ ಮೊಳೆ ಹೊಡೆದು ಅಂಗಿ ನೇತು ಹಾಕ್ತಾನೆ. ಅದು ವಸತಿ."

ಸಭೆಯಲ್ಲಿ ತಲೆಗಳು ಆಡಿದವು. ವಠಾರದ ಮಾಲೀಕರಿಗೆಲ್ಲ ಹೋದ ಜೀವ ಬಂದ ಹಾಗಾಯಿತು. ಆಗಲೇ ನಾಗೇಂದ್ರಪ್ಪ ಎದ್ದದ್ದು. ಅವನು ಹೋದ ವರ್ಷದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ.

"ಹಂಗಾದ್ರೆ ಪರೀಕ್ಷೆ ಹುಡುಗ್ಯಾರು ಹನ್ನೆರಡು ದಿನ ಇರ್ತಾರಲ್ಲ ನಿಮ್ಮನ್ಯಾಗೆ? ಅವರೂ ಮೊಳೆ ಹೊಡೀತಾರಾ?"

ಪರೀಕ್ಷೆಯ ಕಾಲದಲ್ಲಿ ಕರಿಬಸಮ್ಮ ರಾತ್ರಿಗಳನ್ನು ಯಾವತ್ತೂ ಎಣಿಸಿರಲಿಲ್ಲ. ಯಾರಿಗಾಗಿ ಈ ಕಾಗದ ಕೇಳಲು ಬಂದಿದ್ದಳೋ ಅವರನ್ನೇ ತನ್ನ ಬಾಯಾರೆ ಹೊರಗೆ ಹಾಕಿದ್ದಳು. ಹಾಲಸ್ವಾಮಿಯ ಪೆನ್ನು ನಿಂತಿತು. ಮೂರು ತೆಗೆದು ಹನ್ನೆರಡು ಎನ್ನಬಹುದಿತ್ತು. ಹಾಗೆ ಅಂದುಬಿಟ್ಟರೆ ಮನೆ ಹೂಡಿದ ಬಾಡಿಗೆದಾರನೂ ಹನ್ನೆರಡು ದಿನ ಆಗುವವರೆಗೆ ತನ್ನದು ವಸ್ತಿಯೇ ಎನ್ನುತ್ತಾನೆ, ಕಾನೂನು ಹರಕು ಚೀಲವಾಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನನ್ನ ತಪ್ಪು. ಅವರು ಮರೆತು ಹೋಗಿದ್ರು" ಎಂದಳು. "ಓದೋ ಮಕ್ಳು ಮನೆ ಮಾಡಾಕೆ ಬರಲ್ಲ, ಪರೀಕ್ಷೆ ಬರಿಯಾಕೆ ಬರ್ತಾವೆ. ಅವರಿಗೆ ರಾತ್ರಿ ಎಣಿಸಬ್ಯಾಡ್ರಿ, ಪೇಪರ್ ಎಣಿಸ್ರಿ. ಕೊನೇ ಪೇಪರ್ ಮುಗಿಯೋವರೆಗೂ ಅದು ವಸ್ತಿನೇ."

ಒಬ್ಬ ಹೆಂಗಸಿನ ಮನೆಗೆ ಬರುವ ಒಂದಿಷ್ಟು ಹುಡುಗಿಯರಿಗಾಗಿ ಕಾನೂನಿನಲ್ಲಿ ಸಾಲು ಸೇರಿಸುವುದು ಎಲ್ಲೂ ಇಲ್ಲ, ಆ ಸಾಲು ಬೇಡ ಎಂದು ನಾಗೇಂದ್ರಪ್ಪ ಹಟ ಹಿಡಿದ. ಮುರುಗೇಶಪ್ಪನವರು ಕೈ ಎತ್ತಿಸಿದರು. ಆ ಸಾಲಿಗೆ ವಿರುದ್ಧ ಎದ್ದ ಕೈ ಒಂದೇ, ಅದು ಯಾರದೆಂದು ಹೇಳಬೇಕಾಗಿಲ್ಲ. ಕರಿಬಸಮ್ಮ ಮನೆಗೆ ನಡೆದು ಹೋಗುವಾಗ ನಡುಬೀದಿಯಲ್ಲೇ ಹೋದಳು. ಹೇಳಿ ಮುಗಿಸುವ ಹೊತ್ತಿಗೆ ತನ್ನ ಮಾತು ಊರಿನ ಕಾನೂನಾಗಿತ್ತು ಎಂಬುದು ಅವಳಿಗೆ ನಂಬಲಾಗುತ್ತಿರಲಿಲ್ಲ. ನಂಬಿದ ಮೇಲೆ ನಗು ತಡೆಯಲಾಗಲಿಲ್ಲ.

ಸಂಕ್ರಾಂತಿ ಕಳೆದ ವಾರ ಪರವಾನಗಿ ಬಂತು. ನಂಬರು ಒಂದು. 'ಕರಿಬಸಮ್ಮ ಕೋಂ ಪಂಚಾಕ್ಷರಪ್ಪ, ವಸ್ತಿ ಮನೆ' ಎಂದು ಹಾಲಸ್ವಾಮಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಈ ಸಲ ಪ್ರೆಸ್ಸಿಗೆ ಅವನೇ ಹೋಗಿ, ಅಚ್ಚು ಮುಗಿಯುವವರೆಗೆ ಮೊಳೆ ಜೋಡಿಸುವಾತನ ಪಕ್ಕದಲ್ಲೇ ಕೂತು ಬಂದಿದ್ದ. ಸರ್ವಮಂಗಳಮ್ಮ ಮೇಡಂ ಆ ಕಾಗದವನ್ನು ಎರಡು ದಿನದ ಮಟ್ಟಿಗೆ ಹಳ್ಳಿಗಳಿಗೆ ಒಯ್ದರು. ಅಪ್ಪಂದಿರು ಸೀಲನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಪರೀಕ್ಷೆಯ ಹಿಂದಿನ ದಿನ ಹದಿನಾಲ್ಕು ಟ್ರಂಕುಗಳು ಬಸ್ಸಿನ ಮೇಲಿನಿಂದ ಇಳಿದವು. ಕರಿಬಸಮ್ಮ ಒಬ್ಬೊಬ್ಬಳ ಹೆಸರನ್ನೂ ತಾನೇ ಪುಸ್ತಕದಲ್ಲಿ ಬರೆದಳು. ದಪ್ಪ ಅಕ್ಷರ, ತಪ್ಪು ಕಾಗುಣಿತ. ಆದರೆ ಹದಿನಾಲ್ಕು ಹೆಸರು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಜಗಲಿಯ ಕೆಳಗೆ ನಾಗೇಂದ್ರಪ್ಪ ನಿಂತಿದ್ದ. ಪಕ್ಕದಲ್ಲಿ ಅವನ ತಂಗಿಯ ಮಗಳು ರುದ್ರಾಣಿ, ಕೈಯಲ್ಲಿ ಟ್ರಂಕು. ಹಳ್ಳಿಯಿಂದ ಪರೀಕ್ಷೆಗೆ ಬಂದವಳು, ಮಾವನ ಮನೆಯಲ್ಲಿ ಇಳಿಯಬೇಕಾಗಿತ್ತು. ಮನೆಯಲ್ಲಿ ಮೊಮ್ಮಕ್ಕಳಿಗೆಲ್ಲ ದಡಾರ ಎದ್ದಿದೆಯಂತೆ. ಲಾಡ್ಜಿನ ಎಂಟು ಕೋಣೆಗಳ ಮಾತನ್ನು ಅವನೂ ಎತ್ತಲಿಲ್ಲ, ಕರಿಬಸಮ್ಮನೂ ಎತ್ತಲಿಲ್ಲ.

ಕರಿಬಸಮ್ಮ ಹುಡುಗಿಯ ಕೈಯಿಂದ ಟ್ರಂಕು ಇಸಿದುಕೊಂಡು ಒಳಗಿಟ್ಟಳು. ಕಾಲಿಗೆ ನೀರು ಕೊಟ್ಟಳು. ಆಮೇಲೆ ಪುಸ್ತಕ ತಂದು ಜಗಲಿಯ ಅಂಚಿನಲ್ಲಿ ಇಟ್ಟು, ಹೆಸರು, ಊರು, ಹೋಗುವ ದಿನ ಬರೆಯಲು ಹೇಳಿದಳು. ತಾನು ಯಾರೆಂದು ಅವಳಿಗೆ ಗೊತ್ತಿಲ್ಲವೇ ಎಂದು ನಾಗೇಂದ್ರಪ್ಪ ಕೇಳಿದ.

"ಗೊತ್ತೈತೆ. ಗೊತ್ತಿದ್ದೋರೂ ಬರೀಬೇಕು. ಊರಿನ ಕಾನೂನು."

ನಾಗೇಂದ್ರಪ್ಪ ಪೆನ್ನು ತೆಗೆದು ಹುಡುಗಿಯ ಹೆಸರು ಬರೆದ, ಊರು ಬರೆದ. ಮೂರನೇ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ಒಳಗೆ ಹದಿನಾಲ್ಕು ಹುಡುಗಿಯರು ಊಟ ಬಿಟ್ಟು ಕಿಟಕಿಗೆ ಬಂದಿದ್ದರು. ಕರಿಬಸಮ್ಮ ಒಂದು ಮಾತೂ ಆಡಲಿಲ್ಲ. ಅವಳ ಜೀವಮಾನದಲ್ಲಿ ಬಾಗಿಲಲ್ಲಿ ನಿಂತು ಮಾತಾಡದೆ ಇದ್ದದ್ದು ಅದೊಂದೇ ಸಲ. ಅವನು ಬಗ್ಗಿ, ನಿಧಾನವಾಗಿ, ಸ್ಪಷ್ಟವಾಗಿ ಬರೆದ: 'ಕೊನೇ ಪೇಪರ್ ಮುಗಿಯುವವರೆಗೆ.'

ಅವಳು ಆ ಸಾಲನ್ನು ಬೆರಳಿಟ್ಟು ಓದಿದಳು. ಮಜ್ಜಿಗೆ ಕುಡಿದು ಹೋಗಿ ಎಂದು ಒಳಗೆ ಹೋಗಿ ಲೋಟ ತುಂಬಿಸಿ ತಂದಳು. ನಾಗೇಂದ್ರಪ್ಪ ಹೊಸ್ತಿಲನ್ನೊಮ್ಮೆ ನೋಡಿ, ಒಳಗೆ ಬರದೆ, ಜಗಲಿಯ ಮೇಲೆಯೇ ಕೂತು ಕುಡಿದ.